ನಾನು ರೋಬೋ ಅಲ್ಲ

ತಾನು ಮನುಷ್ಯನೆಂದು ಸಾಬೀತು ಮಾಡಲು ಹೋಗಿ ಗೌತಮ ಕೆಟ್ಟ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಬಿಟ್ಟಿ ಸಿನಿಮಾ ಹುಡುಕುವಾಗ ಯಾವುದೋ ಜಾಲತಾಣ, 'ನೀವು ರೋಬೋ ಅಲ್ಲದಿದ್ದರೆ ಅಲೋ ಗುಂಡಿ ಒತ್ತಿ' ಎಂದಿತು. ಯರಗೇರಾದ ಕಚೇರಿಗೆ ದಿನಾ ಬಸ್ಸಿನಲ್ಲಿ ನಿಂತೇ ಹೋಗಿಬರುವ ಗುಮಾಸ್ತನನ್ನು ನೀನು ಮನುಷ್ಯನೇ ಎಂದು ಈವರೆಗೆ ಯಾರೂ ವಿಚಾರಿಸಿರಲಿಲ್ಲ. ಕೇಳಿದಷ್ಟು ಸಲವೂ ಖುಷಿಯಿಂದ ಒತ್ತಿಬಿಟ್ಟ.

ಅಲ್ಲಿಂದ ಶುರುವಾಯಿತು ಗ್ರಹಚಾರ. ಪರದೆಯ ಮೂಲೆಯಲ್ಲಿ ಟಿಂಗ್ ಎಂದು ಒಂದು ಚೌಕ ಎದ್ದು, 'ನಿಮ್ಮ ಕಂಪ್ಯೂಟರಿಗೆ ಐದು ವೈರಸ್' ಎಂದಿತು. ಅದನ್ನು ಮುಚ್ಚಿದರೆ ಬೊಕ್ಕತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಎಣ್ಣೆ ಮುಚ್ಚಿದರೆ ತುಟಿ ಕಚ್ಚಿಕೊಂಡ ಒಬ್ಬ ಹೆಂಗಸು: 'ನಿಮ್ಮಿಂದ ಎರಡೇ ಕಿಲೋಮೀಟರ್ ದೂರದಲ್ಲಿ ಒಂಟಿಯಾಗಿದ್ದೇನೆ.'

ಬೇರೆ ದಿನವಾಗಿದ್ದರೆ ಪ್ಲಗ್ ಕಿತ್ತು ಮಲಗುತ್ತಿದ್ದ. ಇಂದು ಮಾವ ಮಲ್ಲಯ್ಯ ಬರುವವನಿದ್ದ. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಅಳಿಯ ಮನೆಗೆ ಬಂದು ಕರೆಯದೆ ಫೋನಿನಲ್ಲಿ ಕರೆದನೆಂದು ಮುನಿದ ಮುದುಕ, ಆ ಕೂಸು ನಡೆಯಲು ಕಲಿತರೂ ಅವನ ಹೊಸ್ತಿಲು ತುಳಿದಿರಲಿಲ್ಲ. ಹೆಂಡತಿ ವಿಶಾಖಾ ಅತ್ತೂ ಕರೆದೂ ಒಪ್ಪಿಸಿದ್ದಳು. ತೊಟ್ಟಿಲಿನ ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೋರಿಸುತ್ತೇನೆಂದು ಆಸೆ ಹಚ್ಚಿದವನು ಗೌತಮನೇ. ಈಗ ಅವಳು ಕೂಸನ್ನೆತ್ತಿಕೊಂಡು ಅಪ್ಪನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ಫೋಟೊಗಳ ನಡುವೆ ಈ ಹೆಂಗಸು ಎದ್ದು ಬಂದರೆ ಮಾವ ಈ ಜನ್ಮದಲ್ಲಿ ಮತ್ತೆ ಬರುವುದಿಲ್ಲ.

ಟಿಂಗ್ ಸದ್ದಿಗೆ ಪಕ್ಕದ ಮನೆಯ ಬಸ್ಸಮ್ಮ ಹಪ್ಪಳ ಒಣಹಾಕುವುದು ಬಿಟ್ಟು ಒಳಗೆ ಬಂದಳು. ಹಿಂದೆಯೇ ಬಂದ ಅದೇ ಓಣಿಯ ನಿವೃತ್ತ ಕಂಡಕ್ಟರ್ ಇನಾಯತ್, ಪರದೆಯ ಮೇಲಿದ್ದುದನ್ನು ಸ್ಟಾಪು ಕೂಗುವವನಂತೆ ಗಟ್ಟಿಯಾಗಿ ಓದಿ ಹೇಳಿದ.

"ಎರಡು ಕಿಲೋಮೀಟರ್ ಅಂದ್ರ ಸ್ಟೇಷನ್ ಕಡಿ ಆತಲ್ಲಪ್ಪ," ಎಂದಳು ಬಸ್ಸಮ್ಮ. "ಯಾರ ಮಗಳು ಅಕಿ? ಪಾಪ, ಊಟಕ್ಕ ಏನ್ ಮಾಡ್ತಾಳೋ."

ಇನಾಯತನಿಗೆ ಎಲ್ಲದಕ್ಕೂ ಇಲಾಜು ಗೊತ್ತು. 'ಈಗಲೇ ಸ್ವಚ್ಛಗೊಳಿಸಿ' ಎಂದು ಹಸಿರಾಗಿ ಮಿನುಗುತ್ತಿದ್ದ ಗುಂಡಿಯನ್ನು, ಗೌತಮ ಬ್ಯಾಡ ಬ್ಯಾಡ ಎನ್ನುವಷ್ಟರಲ್ಲಿ, ಒತ್ತಿಯೇಬಿಟ್ಟ. ಯಾವುದೋ ಸಾಫ್ಟ್‌ವೇರ್ ಇಳಿದು ಪಟ್ಟಾಗಿ ಕುಳಿತಿತು. ಐದಿದ್ದ ವೈರಸ್ ಐನೂರಾಯಿತು. ಒಂಟಿ ಹೆಂಗಸು ತನ್ನ ತಂಗಿಯನ್ನೂ ಕರೆತಂದಳು. ಗೌತಮನಿಗೆ ಅಳುವುದೊಂದೇ ಬಾಕಿ.

ಕೊನೆಗೆ ಮಾನ್ವಿಯಲ್ಲಿ ಕಂಪ್ಯೂಟರ್ ಕಲಿಸುವ ಗೆಳೆಯ ಅಮರೇಶನಿಗೆ ಫೋನ್ ಹಚ್ಚಿದ. ಅಮರೇಶ ಬಸ್ಸಿನಲ್ಲಿದ್ದ, ಸರಿಯಾಗಿ ಏನೂ ಕೇಳುತ್ತಿರಲಿಲ್ಲ, ಇಬ್ಬರೂ ಅರಚಾಡುತ್ತಲೇ ಕೆಲಸ ಸಾಗಿಸಿದರು. ಮೊದಲು ಅಮರೇಶ, ಇನಾಯತ್ ಇಳಿಸಿದ ಸಾಫ್ಟ್‌ವೇರನ್ನು ತೆಗೆಸಿದ. ಆಮೇಲೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಹುಡುಕಿಸಿ, ಗೌತಮ ಯಾರ್‍ಯಾರಿಗೆ ಅಲೋ ಒತ್ತಿ ಅನುಮತಿ ಕೊಟ್ಟಿದ್ದಾನೋ ಅವರ ಹೆಸರು ಓದಿಸಿದ. 'ಗೂಗಲ್ ಬಹುಮಾನ', 'ಗೂಗಲ್ ರಕ್ಷಣೆ' ಎಂದೆಲ್ಲ ದೊಡ್ಡ ಕಂಪನಿಯ ಹೆಸರು ಅಂಟಿಸಿಕೊಂಡ ಕಳ್ಳತಾಣಗಳವು. ಎಲ್ಲವನ್ನೂ ಕಿತ್ತು ಹಾಕು ಎಂದ ಅಮರೇಶ. ಗೌತಮ ಕಿತ್ತು ಹಾಕಿ ಪರದೆಯನ್ನೇ ನೋಡುತ್ತ ಕಾದ. ಟಿಂಗ್ ಇಲ್ಲ, ಹೆಂಗಸಿಲ್ಲ, ತಂಗಿಯೂ ಇಲ್ಲ. ಹೋದ ಜೀವ ಬಂದಂತಾಯಿತು.

ಏನಾಯಿತು, ಕೇಳವಲ್ದು ಎಂದಿತು ಫೋನು.

"ಗೂಗಲ್ ಹೆಸರು ಹೇಳ್ಕೊಂಡು ಬಂದ ಕಳ್ಳರ್ನೆಲ್ಲಾ ಹೊರಗ ಹಾಕೀನಿ ಅಂದೆ," ಎಂದು ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದ ಗೌತಮ ಓಣಿಗೆಲ್ಲ ಕೇಳುವಂತೆ ಕೂಗಿದ. "ಇನ್ನ ಮ್ಯಾಲೆ ಗೂಗಲ್ ಅಂತ ಯಾರರೆ ಬಂದ್ರ ಒಳಗ ಬಿಡೂದಿಲ್ಲ. ಮಾನ ಕಳದ್ರು ಮಕ್ಕಳು."

ಕೂಸು ನಕ್ಕ ಸದ್ದಿಗೆ ತಿರುಗಿದ. ಬಾಗಿಲಲ್ಲಿ ವಿಶಾಖಾ, ಅವಳ ಪಕ್ಕದಲ್ಲಿ ರೊಟ್ಟಿ ಗಂಟು ಹಿಡಿದ ಮಲ್ಲಯ್ಯ. ಮಲ್ಲಯ್ಯನ ಊರು ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ಹೊಳೆಯ ದಂಡೆಗಿದೆ. ಆ ಊರಿನ ಹೆಸರೂ ಗೂಗಲ್. ಇಂಟರ್ನೆಟ್ಟಿನಲ್ಲಿ ಅದೇ ಹೆಸರಿನವರು ಇನ್ನೊಬ್ಬರಿದ್ದಾರೆಂದು ಮುದುಕನಿಗೆ ಯಾರೂ ಹೇಳಿರಲಿಲ್ಲ.

ಗೌತಮ ಓಡಿಬಂದು ಅವನ ಕಾಲು ಹಿಡಿದ. "ಮಾವಾರ, ಅದು ನಿಮ್ಮ ಗೂಗಲ್ ಅಲ್ರೀ. ಆ ಗೂಗಲ್ ಅಮೆರಿಕಾದಾಗ ಅದರೀ."

ಮಲ್ಲಯ್ಯ ಮಗಳ ಕಡೆ ತಿರುಗಿದ. "ಕೇಳಿದೇನವ್ವಾ? ನಮ್ಮನ್ನ ಕಳ್ಳರು ಅಂದ. ಈಗ ನೋಡಿದ್ರ ನಮ್ಮೂರು ಅಮೆರಿಕಾದಾಗ ಅದ ಅಂತಾನ."

ಬಂದ ಆಟೊ ಇನ್ನೂ ಬಾಗಿಲಲ್ಲೇ ನಿಂತಿತ್ತು. ಅವನು ಗಂಟಿನ ಸಮೇತ ಅದನ್ನೇ ಹತ್ತಿದ. ವಿಶಾಖಾ ಗಂಡನನ್ನು ಒಮ್ಮೆ ನೋಡಿ, ಕೂಸನ್ನು ಎತ್ತಿಕೊಂಡು ಹೋಗಿ ಅಪ್ಪನ ಪಕ್ಕ ಕುಳಿತಳು.