ಓಡಲು ಬಿಡದ ಊರು

ಹುಟ್ಟಿದ ಊರಿನಲ್ಲೇ ಮದುವೆಯಾಗಿ, ಅಲ್ಲೇ ನೌಕರಿ ಮಾಡಿ, ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಹೆಂಗಸಿಗೆ ಆ ಊರು ಪೂರ್ತಿ ಗೊತ್ತಿರುತ್ತದೆ ಎಂದು ನೀವು ತಿಳಿದಿದ್ದರೆ, ನೀವು ಗಂಡಸರೇ ಇರಬೇಕು. ನನಗೆ ಗೊತ್ತಿದ್ದ ಜಮಖಂಡಿ ಎಂದರೆ ಒಂದೇ ದಾರಿ. ಮನೆಯಿಂದ ಶಾಲೆ, ಶಾಲೆಯಿಂದ ಗುಡಿ, ಗುಡಿಯಿಂದ ಮನೆ. ಮದುವೆಯಾದ ಮೇಲೆ ಆ ದಾರಿ ನಾಲ್ಕು ಓಣಿ ಆಚೆ ಸರಿಯಿತು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕ ಮೇಲೆ ಸ್ವಲ್ಪ ಉದ್ದವಾಯಿತು. ಅಷ್ಟೇ ನನ್ನ ಭೂಗೋಳ. ಮೈ ಉರಿಯುವ ಸಂಗತಿಯೆಂದರೆ ನಮ್ಮಪ್ಪ ಬಳೆಗಾರ. ಬಜಾರಿನಲ್ಲಿ ಅಂಗಡಿಯಿದ್ದರೂ ಮದುವೆ, ಸೀಮಂತ ಎಂದರೆ ಬಳೆಗಳ ಗಂಟು ಹೊತ್ತು ಊರಿನ ಪ್ರತಿ ಓಣಿಗೂ ಹೋಗುತ್ತಿದ್ದ. ಗಂಟು ಹಿಡಿಯಲು ಅಣ್ಣನನ್ನು ಕರೆದೊಯ್ಯುತ್ತಿದ್ದ. ನಾನೂ ಬರುತ್ತೇನೆಂದು ಅತ್ತರೆ, "ಹೆಣ್ಣಹುಡುಗಿ ಓಣಿ ಓಣಿ ತಿರಗಬಾರ್ದವ್ವ" ಎಂದು ಕೈಗೆ ಎರಡು ಹಸಿರು ಬಳೆ ಹಾಕಿ ಬಾಯಿ ಮುಚ್ಚಿಸುತ್ತಿದ್ದ. ಊರಿನ ಹೆಣ್ಣುಮಕ್ಕಳ ಕೈಯನ್ನೆಲ್ಲ ಹಿಡಿದವನಿಗೆ ಮಗಳ ಕೈ ಹಿಡಿದು ಊರು ತೋರಿಸಲು ಆಗಲಿಲ್ಲ. ಈ ಮಾತಿಗೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಸಾವಳಗಿ ಕಡೆಯ ಹೆಣ್ಣುಮಗಳೊಬ್ಬಳು ಯಾವುದೋ ಓಣಿಯ ಹೆಸರು ಹೇಳಿ ದಾರಿ ಕೇಳಿದಳು. ನಾನು ಮೇಲೆ ಕೆಳಗೆ ನೋಡಿದೆ. ಪಾನ್ ಅಂಗಡಿಯವನು ಸುಣ್ಣದ ಬೆರಳನ್ನು ಒರೆಸಿಕೊಳ್ಳುತ್ತ, "ಅಕ್ಕಾರ, ನೀವು ಈ ಊರಾವ್ರ ಅಲ್ಲೇನ್ರಿ?" ಎಂದ. ಐವತ್ತು ದಾಟಿದ ಮೇಲೆ, ಹುಟ್ಟಿದ ಊರಿನಲ್ಲಿ, ಪಾನ್ ಅಂಗಡಿಯವನಿಂದ ಕೇಳಿಸಿಕೊಳ್ಳಬೇಕಾದ ಮಾತೇ ಇದು? ಅಂದು ರಾತ್ರಿ ಊಟಕ್ಕೆ ಕೂತಾಗ ಸಾರಿ ಹೇಳಿದೆ, ಈ ಊರಿನ ಒಂದು ಓಣಿಯನ್ನೂ ಬಿಡದೆ ನೋಡುತ್ತೇನೆ, ಅದೂ ಓಡುತ್ತ. ಎಲ್ಲಿಯೋ ಒಬ್ಬಾತ ತನ್ನ ಊರಿನ ಬೀದಿಗಳನ್ನೆಲ್ಲ ಓಡಿ ಓಡಿಯೇ ಜನರ ಪರಿಚಯ ಮಾಡಿಕೊಂಡನೆಂದು ಲೈಬ್ರರಿಯ ಪೇಪರಿನಲ್ಲಿ ಓದಿದ್ದೆ. ನಡೆದು ಹೋಗುವ ಹೆಂಗಸನ್ನು ಕಟ್ಟೆಗೊಬ್ಬರು ನಿಲ್ಲಿಸಿ ಮಾತಾಡಿಸುತ್ತಾರೆ, ಓಡುವವಳನ್ನು ಯಾರು ನಿಲ್ಲಿಸುತ್ತಾರೆ ಎಂಬುದು ನನ್ನ ಲೆಕ್ಕ. ಸಮೀರವಾಡಿ ಕಡೆ ಕೆಲಸಕ್ಕೆ ಹೋಗುವ ನನ್ನ ಯಜಮಾನರು, "ಓಡೂದು ಯಾತಕ್ಕ? ಐತವಾರ ಗಾಡಿ ಮ್ಯಾಲೆ ಕೂತ್ಕೋ, ಎಲ್ಲಾ ತೋರಿಸಿ ಬಿಡ್ತೇನಿ" ಎಂದರು. ಅವರ ಬೆನ್ನು ನೋಡುತ್ತ ಊರು ನೋಡುವುದು ನನಗೆ ಬೇಕಿರಲಿಲ್ಲ. ಅತ್ತೆ ಮಾತ್ರ ರೊಟ್ಟಿ ಮುರಿಯುತ್ತ, "ಎಲ್ಲಿ ಬಣವಿಗಿ ಬೆಂಕಿ ಬಿದ್ದೈತಿ ಅಂತ ಓಡ್ತಿ?" ಎಂದು ಕೇಳಿದರು.

ಅತ್ತೆ ಕೇಳಿದ್ದನ್ನೇ ಇಡೀ ಊರು ಕೇಳಿತು. ಬೆಳಗ್ಗೆ ಚೂಡಿದಾರ, ಬಿಳಿ ಬೂಟು ಹಾಕಿಕೊಂಡು ಮೊದಲ ಓಣಿ ಹೊಕ್ಕೆ. ಹಲ್ಲುಜ್ಜುತ್ತಿದ್ದ ಹಿರಿಯರೊಬ್ಬರು ಚೊಂಬು ಕೆಳಗಿಟ್ಟು, "ಯಾರು ಹೋದ್ರವ್ವಾ?" ಎಂದರು. ಯಾರೂ ಹೋಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ಅವರು ನಂಬಲಿಲ್ಲ. ಹೆಗಲಿಗೆ ಟವೆಲ್ ಹಾಕಿಕೊಂಡು ನನ್ನ ಹಿಂದೆಯೇ ಬಂದರು. ಅವರನ್ನು ನೋಡಿ ಇನ್ನಿಬ್ಬರು ಬಂದರು. ಓಣಿಯ ತುದಿ ಮುಟ್ಟುವಷ್ಟರಲ್ಲಿ ನನ್ನ ಹಿಂದೆ ಒಂದು ಸಣ್ಣ ಶವಯಾತ್ರೆಯೇ ಆಗಿತ್ತು, ಹೆಣವೊಂದು ಕಡಿಮೆ. ಮರುದಿನ ಆಟೋದವನೊಬ್ಬ ಗಂಟುಬಿದ್ದ. ನನ್ನ ಪಕ್ಕದಲ್ಲೇ ಆಮೆಯ ಹಾಗೆ ಗಾಡಿ ನಡೆಸುತ್ತ, "ಹತ್ರಿ ಅಕ್ಕಾರ, ರೊಕ್ಕ ಏನ್ ಬ್ಯಾಡ್ರಿ, ನಿಮ್ಮ ಸಂಕಟ ನೋಡಾಕ ಆಗವಲ್ದು" ಎಂದ. ನನ್ನ ಮುಖವೇ ಹಾಗೆ ಎಂದು ಅವನಿಗೆ ಹೇಗೆ ಹೇಳುವುದು? ಕೊನೆಗೆ ಅವನ ಸಂಕಟ ನೋಡಲಾರದೆ ಹತ್ತಿ ಮನೆಗೆ ಬಂದೆ.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಉಡಿ. ಒಂದು ಶುಕ್ರವಾರ ಕಸ ಗುಡಿಸುತ್ತಿದ್ದ ಅಜ್ಜಿಯೊಬ್ಬಳು ಪೊರಕೆ ಅಡ್ಡ ಹಿಡಿದು, "ಯಾರ ಮಗಳಬೇ ನೀ?" ಎಂದಳು. ಅಪ್ಪನ ಹೆಸರು ಹೇಳಿದ್ದೇ ತಪ್ಪಾಯಿತು. "ಬಳಿ ಮಲ್ಲಪ್ಪನ ಮಗಳಾ? ನನ್ನ ಮದುವಿ ಬಳಿ ಅಂವನ ಇಟ್ಟಾನ. ಬಳಿ ಇಟ್ಟಾಂವ ಅಂದ್ರ ತವರಮನಿ ಇದ್ದಂಗ. ತವರಮನಿ ಹುಡುಗಿ ಬರಿ ಉಡೀಲೆ ಹೋಗ್ತಾಳೇನ?" ಎಂದು ಒಳಗೆ ಎಳೆದುಕೊಂಡು ಹೋದಳು. ಹಣೆಗೆ ಕುಂಕುಮ, ಕೈಗೆ ಚಹಾ. ಉಡಿ ತುಂಬಲು ಸೆರಗು ಹುಡುಕಿದಳು. ಚೂಡಿದಾರಕ್ಕೆ ಸೆರಗು ಎಲ್ಲಿಂದ ಬರಬೇಕು? ಓಢಣಿ ಬಿಚ್ಚಿ ಅದರಲ್ಲೇ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕುಬಸದ ಖಣ ಕಟ್ಟಿಕೊಟ್ಟಳು. ಬೇಡ ಎನ್ನುವಂತಿಲ್ಲ, ಮುತ್ತೈದೆ ಉಡಿ ಬೇಡ ಎಂದರೆ ಎರಡೂ ಮನೆಗೆ ಒಳ್ಳೆಯದಲ್ಲ. ಹೊಟ್ಟೆಯ ಮೇಲೆ ತೆಂಗಿನಕಾಯಿ ಕಟ್ಟಿಕೊಂಡು ನೀವೊಮ್ಮೆ ಓಡಿ ನೋಡಿ, ಆಮೇಲೆ ಮಾತಾಡೋಣ.

ಸುದ್ದಿ ನನಗಿಂತ ಜೋರಾಗಿ ಓಡುತ್ತದೆ. ಮುಂದಿನ ಓಣಿಗಳಲ್ಲಿ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲೇ ಕಾಯತೊಡಗಿದರು. ಸತ್ತು ಎಷ್ಟೋ ವರ್ಷವಾದ ನಮ್ಮಪ್ಪನಿಗೆ ಊರ ತುಂಬ ಇಷ್ಟು ಹೆಣ್ಣುಮಕ್ಕಳಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬಳು, ಬಾಣಂತನಕ್ಕೆ ತವರಿಗೆ ಹೊರಟಾಗ ಅಪ್ಪ ಒಂದು ಬಳೆ ಹೆಚ್ಚು ಹಾಕಿದ್ದನ್ನು ಹೇಳಿ ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಹೊರಗೆ ಬಂದ ಮೇಲೆ ಲೆಕ್ಕ ಹಾಕಿದೆ. ಇಷ್ಟು ಓಣಿ, ಇಷ್ಟು ಕುಂಕುಮ, ಇಷ್ಟು ಚಹಾ, ಒಬ್ಬಳಾದರೂ ನನ್ನ ಹೆಸರು ಕೇಳಲಿಲ್ಲ. ಹಳೆಯ ಓಣಿಗಳಲ್ಲಿ ಬಳೆ ಮಲ್ಲಪ್ಪನ ಮಗಳು, ಗಂಡನ ಮನೆಯ ಕಡೆ ಇಂಥವರ ಸೊಸೆ, ಕಾಲೇಜಿನ ಕಡೆ ಮೇಡಂ. ಊರನ್ನು ನನ್ನದು ಮಾಡಿಕೊಳ್ಳಲು ಬೂಟು ಸವೆಸುತ್ತಿರುವವಳು ನಾನು, ಲೆಕ್ಕ ಮಾತ್ರ ಅಪ್ಪನ ಖಾತೆಗೆ ಜಮಾ. ಮನೆಯಲ್ಲಿ ಕೂಗಾಡಿದೆ. "ಓಡಾಕಿ ನಾ. ಬೆವರು ನಂದು. ನನ್ನ ಹೆಸರು ಕೇಳಿದ್ರ ಇವರ ಗಂಟೇನ ಹೋಕ್ಕೈತಿ?" ಯಜಮಾನರು ಕಾಯಿ ಚಟ್ನಿ ಹಾಕಿಕೊಳ್ಳುತ್ತ, ಇದೇ ರೀತಿ ಓಡುತ್ತಿದ್ದರೆ ವರ್ಷದ ತೆಂಗಿನಕಾಯಿಗೆ ಚಿಂತೆಯಿಲ್ಲ ಎಂದರು. ಆ ದಿನ ಅವರಿಗೆ ಎರಡನೆಯ ಸಲ ಚಟ್ನಿ ಸಿಗಲಿಲ್ಲ.

ಒಂದು ಹಟ ಹಿಡಿದೆ. ನನ್ನ ಹೆಸರು ಕೇಳುವ ಒಬ್ಬರಾದರೂ ಈ ಊರಿನಲ್ಲಿ ಸಿಗುವವರೆಗೆ ಬೂಟು ಬಿಚ್ಚುವುದಿಲ್ಲ ಎಂದು. ಹೊಸ ಬಡಾವಣೆಗಳಲ್ಲಿ ಸಿಗಬಹುದೆಂದು ಅಲ್ಲಿ ಓಡಿದೆ. ಅಲ್ಲಿ ಜನರ ಬದಲು ನಾಯಿಗಳು ವಿಚಾರಿಸಿಕೊಂಡವು, ಅವಕ್ಕೂ ಹೆಸರು ಬೇಕಿರಲಿಲ್ಲ. ಹೀಗೆ ಓಡಿ ಓಡಿ ಕೊನೆಗೆ ಊರಂಚಿನ ಒಂದೇ ಒಂದು ಓಣಿ ಉಳಿಯಿತು. ಹಿಂದಿನ ಸಂಜೆ ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತ, "ನಮಗ ಹಾಲು ಹಾಕಾಕಿ ಮನಿ ಅಲ್ಲೇ ಐತಂತ. ನಾ ಈ ಊರಿಗೆ ಸೊಸಿ ಆಗಿ ಬಂದಾಗಿಂದ ಆ ಮನಿ ಹಾಲು ಕುಡದೇನಿ, ಆ ಮನಿ ನೋಡಿಲ್ಲ. ನನಗೂ ತೋರಸು" ಎಂದರು. ಬಣವೆಗೆ ಬೆಂಕಿಯ ಮಾತಾಡಿದವರು ಇವರೇನಾ ಎಂದು ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ನನಗೆ ಒಂದೇ ದಾರಿಯಾದರೂ ಇತ್ತು, ಅವರಿಗೆ ಅದೂ ಇರಲಿಲ್ಲ ಎಂಬುದು ಆಗ ಹೊಳೆಯಿತು. ಬೆಳಗ್ಗೆ ಸೀರೆ ನಿರಿಗೆ ಸರಿಮಾಡಿಕೊಂಡು, ಮದುವೆಗೆ ಹೊರಟವರಂತೆ ಬಾಗಿಲಲ್ಲಿ ನಿಂತಿದ್ದರು. "ಓಡಾಕ ನನಗ ಆಗೂದಿಲ್ಲ ಮತ್ತ" ಎಂದರು. ನನ್ನ ಕೈ ಹಿಡಿದುಕೊಂಡು, ಪ್ರತಿ ಮನೆಯ ಬಾಗಿಲನ್ನೂ ಮೇಲಿಂದ ಕೆಳಗೆ ನೋಡುತ್ತ ಬಂದರು. ನನಗೂ ಆ ದಿನ ಅವಸರವಾಗಲಿಲ್ಲ.

ಹಾಲಿನವಳು ಹಟ್ಟಿಯಲ್ಲಿ ಎಮ್ಮೆ ಹಿಂಡುತ್ತಿದ್ದಳು. ಅವಳ ಹೊಸ ಸೊಸೆ, ಮುಧೋಳ ಕಡೆಯವಳು, ನಮ್ಮಿಬ್ಬರಿಗೂ ಕಂಬಳಿ ಹಾಸಿ ಚಹಾ ತಂದಿಟ್ಟಳು. ಅವಳಿಗೆ ನಮ್ಮಪ್ಪ ಗೊತ್ತಿಲ್ಲ, ಅವಳ ಮದುವೆಯ ಹೊತ್ತಿಗೆ ಅಪ್ಪನೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ನನ್ನ ಬೂಟು ನೋಡಿದಳು, ನನ್ನನ್ನು ನೋಡಿದಳು, ನಕ್ಕಳು. ಆಮೇಲೆ ಏನೂ ಅರಿಯದ ಆ ಹುಡುಗಿ, ಇಡೀ ಜಮಖಂಡಿ ಕೇಳದೆ ಬಿಟ್ಟದ್ದನ್ನು ಕೇಳಿದಳು.

"ಅಕ್ಕಾರ, ನಿಮ್ಮ ಹೆಸರೇನ್ರಿ?"

ಚಹಾದ ಕಪ್ಪು ಕೆಳಗಿಟ್ಟೆ. ಬೆನ್ನು ನೆಟ್ಟಗೆ ಮಾಡಿ ಕೂತೆ. ಇಷ್ಟು ದಿನ ಕಾದದ್ದು ಇದಕ್ಕೇ ತಾನೇ? ಬಾಯಿ ತೆರೆದು ಸ್ಪಷ್ಟವಾಗಿ ಹೇಳಿದೆ.

"ಬಳಿ ಮಲ್ಲಪ್ಪನ ಮಗಳು."

ಹುಡುಗಿ ಇನ್ನೂ ಕಾಯುತ್ತಲೇ ಇದ್ದಳು. ಅತ್ತೆ ಬಸಿಯಲ್ಲಿ ಸುರಿದುಕೊಂಡ ಚಹಾ ಊದುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದರು. "ಹೆಸರು ಕೇಳ್ಯಾಳಬೇ ಆಕಿ. ಹೆಸರು ಹೇಳು" ಎಂದರು.

ಓಡಿ ಓಡಿ ದಮ್ಮು ಹತ್ತಿತ್ತು, ಅದಕ್ಕೇ ಬಾಯಿ ತಪ್ಪಿತು ಎಂದು ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ನಂಬಿದರು. ಅತ್ತೆ ಅಲ್ಲೇ ಕೂತಿದ್ದರು, ಆ ದಿನ ನಾವಿಬ್ಬರೂ ನಡೆದುಕೊಂಡೇ ಹೋಗಿದ್ದೆವು ಎಂದು ಬಾಯಿ ಬಿಡಲಿಲ್ಲ.