ಸಿಂಕು ಕಟ್ಟಿದ್ದರಿಂದ ಮಂದಿರ ಬೆಳೆದದ್ದು

ರೆಡ್‌ವುಡ್ ಸಿಟಿಯ ಕನ್ನಡ ಸತ್ಸಂಗ ಮಂದಿರದ ಅಡುಗೆಮನೆಯ ಸಿಂಕು ಜನವರಿ ಐದನೆಯ ತಾರೀಕು ಬೆಳಗಿನ ಪೂಜೆಯ ನಂತರ ನೀರನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಈ ಸಂಗತಿಯನ್ನು ಅಲ್ಲಿದ್ದವರೆಲ್ಲ ಕಣ್ಣಾರೆ ಕಂಡಿದ್ದಾರೆ. ಕಾರ್ಯಕಾರಿ ಸಮಿತಿಯೂ ತನ್ನ ಎರಡನೇ ಸಭೆಯಲ್ಲಿ ಬಹುಮತದಿಂದ ಒಪ್ಪಿಕೊಂಡಿದೆ.

ಮಂದಿರವೆಂದರೆ ನೂರು ವರ್ಷದ ಹಳೆಯ ಮನೆ. ಅದರ ಪೈಪುಗಳು ಬೀಡುಕಬ್ಬಿಣದವು. ಧನುರ್ಮಾಸದಲ್ಲಿ ದಿನಾ ಬೆಳಗ್ಗೆ ಹುಗ್ಗಿ, ಹುಗ್ಗಿಯ ಮೇಲೆ ಧಾರಾಳ ತುಪ್ಪ, ಹಂಡೆ ತೊಳೆದ ನೀರು ಸಿಂಕಿಗೆ. ಹೊರಗೆ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಕೂರುವಷ್ಟು ಚಳಿ. ಭಗವಂತ ತುಪ್ಪಕ್ಕೆ ಚಳಿಯಲ್ಲಿ ಗಟ್ಟಿಯಾಗುವ ಗುಣ ಕೊಟ್ಟಿದ್ದಾನೆ. ಅದು ತನ್ನ ಧರ್ಮವನ್ನು ತಾನು ಪಾಲಿಸಿತು, ಅಷ್ಟೇ.

ಅಡುಗೆಮನೆಯ ಉಸ್ತುವಾರಿ ಸತ್ಯವತಮ್ಮನವರು ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸಿದರು. ಹೋದ ವರ್ಷ ಸೊಸೆ ವಿಭಾಳ ಹೆರಿಗೆ ಕಷ್ಟವಾದಾಗ ಅವರು ಆಸ್ಪತ್ರೆಯ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಹರಕೆ ಹೊತ್ತಿದ್ದರು. ತಾಯಿ ಮಗು ಸುಖವಾಗಿ ಮನೆಗೆ ಬಂದರೆ, ಮಗುವಿನ ಮೊದಲ ಸಂಕ್ರಾಂತಿಗೆ ಮಂದಿರದ ಅಡುಗೆಮನೆಯಲ್ಲೇ ತಮ್ಮ ಕೈಯಾರೆ ನೂರೆಂಟು ಜನಕ್ಕೆ ಸಿಹಿ ಹುಗ್ಗಿ. ತಾಯಿ ಮಗು ಇಬ್ಬರೂ ಗುಂಡುಕಲ್ಲಿನ ಹಾಗಿದ್ದರು. ದೇವರು ತನ್ನ ಮಾತು ನಡೆಸಿಯಾಗಿತ್ತು. ಸಂಕ್ರಾಂತಿಗೆ ಉಳಿದದ್ದು ಒಂಬತ್ತು ದಿನ. ಮಂದಿರದ ನಿಯಮ ಹದಿನೇಳರ ಪ್ರಕಾರ ಸಿಂಕು ಹರಿಯದೆ ಒಲೆ ಹಚ್ಚುವಂತಿಲ್ಲ. ಅಲ್ಲಿಯವರೆಗೆ ದೇವರಿಗೆ ಅವಲಕ್ಕಿಯೇ ಗತಿಯಾಯಿತು. ಸುದಾಮನದನ್ನು ತಿಂದವನು, ಬೇಡವೆನ್ನಲಿಲ್ಲ.

ಮರುದಿನವೇ ಚರಂಡಿ ಸ್ವಚ್ಛಗೊಳಿಸುವ ಕಂಪನಿಯಿಂದ ಡ್ವೇನ್ ಎಂಬುವರು ಬಂದರು. ಆರಡಿ ಆಳು, ಸಾಧು ಮುಖ. ಇಪ್ಪತ್ತು ವರ್ಷ ಮಿನೆಸೋಟಾದ ಹಳೇ ಮನೆಗಳಲ್ಲಿ ಪೈಪು ಬಿಡಿಸಿದ ಅನುಭವಸ್ಥರು. ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟು ಹಳೇ ಮನೆಯಲ್ಲಿ ಪೈಪಿಗೆ ಹೊರಗಡೆ ಬಾಯಿ ಇಟ್ಟಿರೋದಿಲ್ಲ. ಸಿಂಕಿನ ಕೆಳಗಿಂದಲೇ ಕೊಳೆ ಕೊರೆಯೋ ಕೇಬಲ್ ಬಿಡಬೇಕು. ಒಂದು ಗಂಟೆ ಕೆಲಸ," ಎಂದು ಇಂಗ್ಲಿಷಿನಲ್ಲಿ ಹೇಳಿ ಹೊಸ್ತಿಲ ಮೇಲೆ ಕಾಲಿಡಹೋದರು.

"ಬೂಟು!" ಎಂದು ಅಧ್ಯಕ್ಷ ದೇವೇಂದ್ರಪ್ಪನವರು ಕೈ ಅಡ್ಡ ಹಿಡಿದರು.

ಮಂದಿರದ ನಿಯಮ ನಾಲ್ಕು: ಪಾದರಕ್ಷೆ ಧರಿಸಿ ಯಾರೂ ಹೊಸ್ತಿಲು ದಾಟತಕ್ಕದ್ದಲ್ಲ. ಡ್ವೇನ್ ಕೂಡ ಜೇಬಿನಿಂದ ಒಂದು ಹಾಳೆ ತೆಗೆದರು. ಕಂಪನಿಯ ನಿಯಮ ನಾಲ್ಕು: ಕೆಲಸ ಶುರುವಾದಂದಿನಿಂದ ಮುಗಿದು ಗಿರಾಕಿಯ ಸಹಿ ಬೀಳುವ ತನಕ ನೌಕರನು ಬೂಟು ಬಿಚ್ಚತಕ್ಕದ್ದಲ್ಲ. ಎರಡೂ ನಾಲ್ಕನೆಯ ನಿಯಮಗಳೇ ಆಗಿದ್ದುದು ದೈವಸಂಕಲ್ಪವೆಂದು ಹಲವರು ಭಾವಿಸಿದರು.

"ಅವರದ್ದೂ ಒಂದು ಮಡಿ ಅಲ್ವೇ, ಪಾಪ," ಎಂದರು ಸತ್ಯವತಮ್ಮ. "ಏನಾದ್ರೂ ದಾರಿ ಮಾಡಿ ಅಧ್ಯಕ್ಷರೇ."

ದೇವೇಂದ್ರಪ್ಪನವರು ದಾರಿ ಮಾಡುವುದರಲ್ಲಿ ನಿಸ್ಸೀಮರು. ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಮೂವತ್ತು ವರ್ಷ ಮೀಟಿಂಗು ನಡೆಸಿ ನಿವೃತ್ತರಾದವರು. ಆ ಸಂಜೆಯೇ ತುರ್ತು ಸಭೆ ಸೇರಿತು. ಹೊರಗಿನ ನೆಲ ಮುಟ್ಟಿದ ಮೇಲಷ್ಟೇ ಬೂಟು ಪಾದರಕ್ಷೆಯಾಗುತ್ತದೆ, ಅದಕ್ಕೆ ಮೊದಲು ಅದು ಕೇವಲ ವಸ್ತು ಎಂದು ತೀರ್ಮಾನವಾಯಿತು. ಆದ್ದರಿಂದ ಹೊಸ ಬೂಟು ತರಿಸಿ, ಮಂದಿರದ ಒಳಗೇ ಪೆಟ್ಟಿಗೆ ಒಡೆದು, ಒಳಗೇ ಹಾಕಿಸುವುದು. ಅರ್ಚಕರಾದ ಆನಂದತೀರ್ಥಾಚಾರ್ಯರು ಮೆಲ್ಲಗೆ ಕೇಳಿದರು: "ಚರ್ಮದ್ದಲ್ಲ ತಾನೆ?"

ಚರ್ಮರಹಿತ, ಅಂಟಿನಲ್ಲೂ ಪ್ರಾಣಿಜನ್ಯ ವಸ್ತುವಿಲ್ಲದ, ಹನ್ನೆರಡನೇ ನಂಬರಿನ ಸಸ್ಯಾಹಾರಿ ಬೂಟು ಹುಡುಕಲು ಉಪಸಮಿತಿಗೆ ಏಳು ದಿನ ಹಿಡಿಯಿತು. ಅಷ್ಟೂ ದಿನ ಸತ್ಯವತಮ್ಮ ಸಿಂಕಿನ ಮುಂದೆ ಕೂತು ವಿಷ್ಣುಸಹಸ್ರನಾಮ ಹೇಳಿದರು. ನೀರು ಒಂದು ಅಂಗುಲವೂ ಇಳಿಯಲಿಲ್ಲ. ಏರಲೂ ಇಲ್ಲ. ಅದು ನಾಮಬಲವೆಂದೇ ಅವರ ನಂಬಿಕೆ, ನಮ್ಮದೂ.

ಹದಿಮೂರನೆಯ ತಾರೀಕು, ಸಂಕ್ರಾಂತಿಯ ಹಿಂದಿನ ದಿನ, ಬೂಟು ಬಂತು. ಆಚಾರ್ಯರು ತುಳಸಿ ನೀರು ಪ್ರೋಕ್ಷಿಸಿ ಎರಡೂ ಬೂಟಿನ ಮೂತಿಗೆ ಅರಿಶಿನ ಕುಂಕುಮ ಇಟ್ಟರು. ಡ್ವೇನ್ ಹೊಸ್ತಿಲಾಚೆ ಕೂತು, ಕಾಲು ತೊಳೆಸಿಕೊಂಡು, ಎರಡೂ ಕಾಲನ್ನು ಒಳಗೆ ಚಾಚಿದರು. ಇಬ್ಬರು ಸದಸ್ಯರು ಬೂಟು ತೊಡಿಸಿದರು. ಒಳಗೆ ಬಂದು ಸಿಂಕಿನ ಕೆಳಗೆ ಟಾರ್ಚು ಬಿಟ್ಟು ನೋಡಿದ ಡ್ವೇನ್, "ಹಿಮ ಕಟ್ಟಿದ ಪೈಪು ನೂರಾರು ಕಂಡಿದ್ದೇನೆ. ತುಪ್ಪ ಕಟ್ಟಿದ್ದು ಇದೇ ಮೊದಲು. ದಯವಿಟ್ಟು ಇದನ್ನ ಸಿಂಕಿಗೆ ಸುರೀಬೇಡಿ," ಎಂದರು.

"ತುಪ್ಪ ಶುದ್ಧ ಪದಾರ್ಥ. ಶುದ್ಧದಿಂದ ತಡೆಯಾಗದು," ಎಂದು ದೇವೇಂದ್ರಪ್ಪನವರು ನಡಾವಳಿ ಪುಸ್ತಕದಲ್ಲಿ ಬರೆಸಿದರು. "ಪೈಪಿಗೆ ಸಂಸ್ಕಾರ ಸಾಲದು."

"ಸರಿ, ಮೆಷೀನು ವ್ಯಾನಿನಲ್ಲಿದೆ, ತರುತ್ತೇನೆ," ಎಂದು ಡ್ವೇನ್ ಬಾಗಿಲ ಕಡೆ ಹೊರಟರು.

ಎಲ್ಲರೂ ಒಟ್ಟಿಗೆ ಕೂಗಿದರು. ಹೊರಗೆ ಹೋದರೆ ವಸ್ತು ಪಾದರಕ್ಷೆಯಾಗುತ್ತದೆ! ಬಿಚ್ಚುವಂತೆಯೂ ಇಲ್ಲ, ಕೆಲಸ ಶುರುವಾಗಿಬಿಟ್ಟಿದೆ. ಬೇರೆಯವರು ಮೆಷೀನು ಮುಟ್ಟುವಂತಿಲ್ಲ, ಅದು ಕಂಪನಿಯ ನಿಯಮ ಐದು. ಸತ್ಯವತಮ್ಮನವರ ಕಣ್ಣಲ್ಲಿ ನೀರು ಬಂತು. ಐದು ನಿಮಿಷದಲ್ಲಿ ಎಲ್ಲರ ಫೋನಿಗೂ ಪ್ರಕಟಣೆ ಬಂತು:

"ಸಮಸ್ತ ಸದ್ಭಕ್ತರ ಗಮನಕ್ಕೆ. ಇಂದು ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷದಿಂದ ಮಂದಿರದ 'ಒಳಗು' ಎಂಬುದು ಶ್ರೀಯುತ ಡ್ವೇನ್ ಅವರ ವ್ಯಾನಿನವರೆಗೆ, ವ್ಯಾನನ್ನೂ ಸೇರಿಸಿ, ವಿಸ್ತರಿಸಲ್ಪಟ್ಟಿದೆ. ಫುಟ್‌ಪಾತಿನಲ್ಲಿ ಓಡಾಡುವವರು ಪಾದರಕ್ಷೆಗಳನ್ನು ಕಾರಿನಲ್ಲೇ ಬಿಡತಕ್ಕದ್ದು."

ಫುಟ್‌ಪಾತಿನಂಚಿಗೆ ಅಕ್ಕಿಹಿಟ್ಟಿನ ಗೆರೆ ಎಳೆದರು. ಎದುರು ಮನೆಯ ಅಮೆರಿಕನ್ ಅಜ್ಜಿ ವಿಷಯ ಕೇಳಿ ತಕ್ಷಣ ಚಪ್ಪಲಿ ಬಿಚ್ಚಿದರು. ಅದರಿಂದ ತಮ್ಮ ಮಂಡಿನೋವು ಕಡಿಮೆಯಾಯಿತೆಂದೂ ಹೇಳಿದರು.

ಮೆಷೀನು ಬಂತು. ಕೇಬಲ್ ಗರಗರ ತಿರುಗುತ್ತ ಪೈಪಿನೊಳಗೆ ಹೋಯಿತು, ಹೋಗುತ್ತಲೇ ಇತ್ತು, ಮುಗಿದುಹೋಯಿತು. "ಮುಂದೆ ಬೀದಿಯ ಹತ್ತಿರ ಮರದ ಬೇರೂ ಇದೆ. ಇದು ಸಾಲದು. ಉದ್ದದ ಕೇಬಲ್ಲು ಬೆರ್ರಿಯೆಸಾದ ನಮ್ಮ ಗೋದಾಮಿನಲ್ಲಿದೆ," ಎಂದರು ಡ್ವೇನ್. ಬೆರ್ರಿಯೆಸಾ ಎಂದರೆ ಸತ್ಯವತಮ್ಮನವರ ಮನೆಯೂ ಇರುವ ಬಡಾವಣೆ, ಫ್ರೀವೇಯಲ್ಲಿ ಮುಕ್ಕಾಲು ಗಂಟೆಯ ದಾರಿ.

ಸಭೆ ದೇವೇಂದ್ರಪ್ಪನವರನ್ನು ನೋಡಿತು. ದೇವೇಂದ್ರಪ್ಪನವರು ಬೂಟನ್ನು ನೋಡಿದರು.

"ವ್ಯಾನು ಒಳಗು ತಾನೆ? ವ್ಯಾನು ಹೋದಲ್ಲಿಗೆ ಒಳಗೂ ಹೋಗುತ್ತದೆ. ಎಷ್ಟೋ ಉತ್ಸವಮೂರ್ತಿಗಳು ಹೋಗುವುದಿಲ್ಲವೇ?"

ಫ್ರೀವೇ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆಯಲು ಪೊಲೀಸರು ಬಿಡಲಾರರು ಎಂಬ ಕಾರಣಕ್ಕೆ ಆನಂದತೀರ್ಥಾಚಾರ್ಯರು ವ್ಯಾನಿನ ಮುಂದಿನ ಸೀಟಿನಲ್ಲಿ ಬರಿಗಾಲಲ್ಲಿ ಕೂತರು. ಬೆಲ್ಟು ಬಿಗಿದುಕೊಂಡು, ಕಿಟಕಿ ಇಳಿಸಿ, ಪ್ರತಿ ಎಗ್ಸಿಟ್ಟಿಗೂ ಎರಡೆರಡು ಕಾಳು ಮಂತ್ರಾಕ್ಷತೆ ಚೆಲ್ಲುತ್ತ ಹೋದರು. ಹಿಂದೆ ವಿಭಾಳ ಕಾರು. ಅದರಲ್ಲಿ ಸತ್ಯವತಮ್ಮ, ಅವರ ತೊಡೆಯ ಮೇಲೆ ಜಪಮಾಲೆ, ಹಿಂದಿನ ಸೀಟಿನಲ್ಲಿ ಮಗು.

"ಅತ್ತೆ, ಇದೆಲ್ಲ ನಿಮಗೆ ನಾರ್ಮಲ್ ಅನ್ಸತ್ತಾ?" ಎಂದಳು ವಿಭಾ.

"ನೀನು ಬ್ಲಿಂಕರ್ ಹಾಕು ಕಣೆ, ಆಚಾರ್ಯರ ವ್ಯಾನು ಲೇನು ಬದಲಾಯಿಸ್ತಿದೆ."

ಗೋದಾಮಿನಲ್ಲಿ ಉದ್ದದ ಕೇಬಲ್ಲು ಇರಲಿಲ್ಲ. ಬೇರೆಲ್ಲೋ ಕೆಲಸಕ್ಕೆ ಹೋಗಿತ್ತು, ಸೋಮವಾರ ಬರುವುದಂತೆ. ಸಂಕ್ರಾಂತಿ ನಾಳೆ. ಸತ್ಯವತಮ್ಮ ಕಾರಿಂದ ಇಳಿದು ಗೋದಾಮಿನ ಮೆಟ್ಟಿಲ ಮೇಲೆ ಕುಸಿದು ಕೂತರು. "ಕೊಟ್ಟ ಮಾತು ತಪ್ಪಿದೆನಲ್ಲೋ ಕೃಷ್ಣಾ, ಮಗುವಿನ ಮೇಲೆ ಹೊತ್ತ ಹರಕೆ," ಎಂದು ಸೆರಗಲ್ಲಿ ಮುಖ ಮುಚ್ಚಿಕೊಂಡರು. ಡ್ವೇನ್ ಅವರ ಮೂಗಿನ ತುದಿಯೂ ಕೆಂಪಾಯಿತು.

ವಿಭಾ ಅತ್ತೆಯ ಪಕ್ಕ ಕೂತಳು. "ಅತ್ತೆ, ವ್ಯಾನು ನಮ್ಮ ಟ್ರೇನ್ ಸ್ಟೇಷನ್ ಹಿಂದಿನ ರೋಡಲ್ಲಿ ಬಂತಲ್ವಾ?" ಎಂದಳು.

"ಹೂಂ."

"ನಮ್ಮ ಡ್ರೈವ್‌ವೇನಲ್ಲೇ ಟರ್ನ್ ತಗೊಂಡ್ರು, ನಾನೇ ನೋಡಿದೆ."

"ಹೌದು, ಆಚಾರ್ಯರು ನಮ್ಮ ಗುಲಾಬಿ ಗಿಡಕ್ಕೂ ಅಕ್ಷತೆ ಹಾಕಿದ್ರು."

"ಮತ್ತೆ ನಮ್ಮನೆ ಈಗ ಎಲ್ಲಿದೆ ಹೇಳಿ?"

ಸತ್ಯವತಮ್ಮ ಸೆರಗು ತೆಗೆದು ಸೊಸೆಯ ಮುಖ ನೋಡಿದರು. ಜ್ಞಾನ ಯಾರ ಬಾಯಿಂದ ಬರುವುದೋ ಭಗವಂತನೇ ಬಲ್ಲ. ಕೂಡಲೇ ದೇವೇಂದ್ರಪ್ಪನವರಿಗೆ ಫೋನು ಹೋಯಿತು. ಅವರು ತಮ್ಮದೇ ಠರಾವನ್ನು ಮೂರು ಸಲ ಓದಿದರು. ಎಲ್ಲಿಯೂ ಸಂದು ಸಿಗಲಿಲ್ಲ.

"ನಿಮ್ಮ ಮನೆ ಮಂದಿರದ ಒಳಗಿದೆ ತಾಯಿ," ಎಂದು ಗಂಭೀರವಾಗಿ ಹೇಳಿದರು. "ಒಳಗಿರುವ ಅಡುಗೆಮನೆ ಮಂದಿರದ ಅಡುಗೆಮನೆ. ನಿಮ್ಮ ಸಿಂಕು ಹರಿಯುತ್ತದೆಯೇ?"

"ಭರ್ಜರಿಯಾಗಿ!"

"ಹಾಗಾದರೆ ನಿಯಮ ಹದಿನೇಳೂ ಪಾಲನೆಯಾಯಿತು. ಒಲೆ ಹಚ್ಚಿ."

ಸಂಕ್ರಾಂತಿಯ ದಿನ ಬೆರ್ರಿಯೆಸಾದ ಆ ಮನೆಯ ಹಿತ್ತಲಲ್ಲಿ ನೂರೆಂಟು ಜನ ಸಾಲಾಗಿ ಕೂತು ಸಿಹಿ ಹುಗ್ಗಿ ಉಂಡರು. ನೂರೆಂಟನೆಯವರು ಡ್ವೇನ್. ಮೂರು ಸಲ ಹಾಕಿಸಿಕೊಂಡು, ಹಂಡೆಯ ತುಪ್ಪವನ್ನು ಸಿಂಕಿಗೆ ಸುರಿಯಬೇಡಿರೆಂದು ಮತ್ತೆ ಕೈಮುಗಿದರು. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ಸತ್ಯವತಮ್ಮ ಮಗುವಿನ ತುಟಿಗೆ ಒಂದು ಅಗುಳು ಮುಟ್ಟಿಸಿದಾಗ ಅದು ಚಪ್ಪರಿಸಿತು. ಹರಕೆ ತೀರಿತು. ಅವರ ಕಣ್ಣಲ್ಲಿ ಆನಂದಬಾಷ್ಪ.

ಉದ್ದದ ಕೇಬಲ್ಲು ಇನ್ನೂ ಬಂದಿಲ್ಲ. ಸಹಿ ಬೀಳದೆ ಡ್ವೇನ್ ಬೂಟು ಬಿಚ್ಚುವಂತಿಲ್ಲವಾದ್ದರಿಂದ ಅವರು ಹೋದಲ್ಲೆಲ್ಲ ಒಳಗು ಬೆಳೆಯುತ್ತಿದೆ. ವಾಲ್ನಟ್ ಕ್ರೀಕ್‌ನ ಭಕ್ತರು ತಮ್ಮ ಬೀದಿಯಲ್ಲೂ ಅವರನ್ನು ಒಮ್ಮೆ ಓಡಾಡಿಸಬೇಕೆಂದು ಮನವಿ ಕೊಟ್ಟು ಕಾಯುತ್ತಿದ್ದಾರೆ.

ಸತ್ಯವತಮ್ಮನವರ ಅಡುಗೆಮನೆಗೆ ಈಗ ಮಂದಿರದ ನಿಯಮಗಳೇ ಅನ್ವಯ. ಮನೆಯವರು ಯಾರೇ ಒಳಗೆ ಹೋಗಬೇಕಾದರೂ ಉಸ್ತುವಾರಿಗೆ ಲಿಖಿತ ಅರ್ಜಿ ಕೊಡತಕ್ಕದ್ದು. ವಿಭಾ ಮಗುವಿನ ಹಾಲು ಬಿಸಿ ಮಾಡಲು ವಾರಕ್ಕೊಮ್ಮೆ ಒಟ್ಟಿಗೆ ಬರೆದುಕೊಟ್ಟುಬಿಡುತ್ತಾಳೆ. ಉಸ್ತುವಾರಿ ಸತ್ಯವತಮ್ಮನವರೇ. ಅವರು ದಿನಾ ಬೆಳಗ್ಗೆ ಸ್ನಾನ ಮಾಡಿ, ಕಾಫಿ ಮಾಡಿಕೊಳ್ಳಲು ಅಪ್ಪಣೆ ಬೇಡಿ ತಮಗೇ ಒಂದು ಅರ್ಜಿ ಬರೆಯುತ್ತಾರೆ. ಬಾಗಿಲ ಹೊರಗೆ ನಿಂತು ಹತ್ತು ನಿಮಿಷ ಕಾಯುತ್ತಾರೆ. ಆಮೇಲೆ ಕನ್ನಡಕ ಹಾಕಿಕೊಂಡು, ಅರ್ಜಿಯನ್ನು ಆಮೂಲಾಗ್ರ ಪರಿಶೀಲಿಸಿ, ಅರ್ಜಿದಾರರು ಸಜ್ಜನರೆಂದು ಮನವರಿಕೆಯಾದ ಮೇಲೆ, ಮಂಜೂರು ಮಾಡುತ್ತಾರೆ.