ಇರೋನೊಬ್ಬ ಅಳಿಯ

ಮುಳ್ಳಪ್ಪನ ತಲೆಗೆ ಆ ದಿನ ಸುತ್ತಿಕೊಂಡ ಗ್ರಹಚಾರಕ್ಕೆಲ್ಲ ಮೂರೇ ಮೂರು ಅಕ್ಷರ ಕಾರಣ. ಅ, ಳಿ, ಯ.

ಮುಳ್ಳಪ್ಪ ಎನ್ನುವುದು ಅವನ ನಿಜವಾದ ಹೆಸರಲ್ಲ. ಗಡಿಯಾರ ರಿಪೇರಿಯವನು, ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದೊಡ್ಡ ಮುಳ್ಳು ಸಣ್ಣ ಮುಳ್ಳುಗಳ ಜೊತೆ ಗುದ್ದಾಡುವವನು ಅಂತ ಬೀದಿಯವರು ಇಟ್ಟ ಹೆಸರು. ಅವನ ಅಂಗಡಿ ಇದ್ದದ್ದು ಸೋದರಮಾವನ ಮನೆಯ ಕೆಳಗಿನ ಭಾಗದಲ್ಲಿ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವನ ಊಟ, ನಿದ್ದೆ, ಹೆಂಡತಿಯಿಲ್ಲದ ಸಂಸಾರ. ಮಹಡಿಯ ಮೇಲೆ ಮಾವ ಮತ್ತು ಅತ್ತೆ. ಹೋದ ತಿಂಗಳು ಮಾವ ತೀರಿಕೊಂಡರು. ಇವತ್ತು ಬೆಳಿಗ್ಗೆ ವಕೀಲರು ತಮ್ಮ ಕಚೇರಿಯಲ್ಲಿ ಅವರ ಉಯಿಲನ್ನು ಓದಿದರು.

"'ನನ್ನ ನಂತರ ನನ್ನ ಮನೆಯು ನನ್ನ ಅಳಿಯನಿಗೆ ಸೇರತಕ್ಕದ್ದು.' ಇಷ್ಟೇ ಇರೋದು," ಎಂದು ವಕೀಲರು ಕನ್ನಡಕ ತೆಗೆದರು.

ಮುಳ್ಳಪ್ಪ ಎದ್ದು ನಿಂತ. ಕಣ್ಣು ತುಂಬಿ ಬಂತು. "ಮಾವಾ!" ಎಂದ.

ಪಕ್ಕದ ಕುರ್ಚಿಯಿಂದಲೂ ಒಬ್ಬರು ಎದ್ದು "ಮಾವಾ!" ಎಂದರು. ಅವರು ಮಾವನ ಒಬ್ಬಳೇ ಮಗಳ ಗಂಡ, ವಿಮಾ ಕಂಪನಿಯ ಮ್ಯಾನೇಜರು. ಅಳುವಾಗಲೂ ಅವರ ಶರ್ಟಿನ ಇಸ್ತ್ರಿ ಕೆಡುತ್ತಿರಲಿಲ್ಲ.

"ಭಾವ, ನೀವ್ಯಾಕೆ ಎದ್ರಿ?"

"ನೀನ್ಯಾಕೋ ಎದ್ದೆ? ಅಳಿಯ ಅಂದ್ರೆ ಮಗಳ ಗಂಡ. ಇದನ್ನ ಯಾರಾದ್ರೂ ಹೇಳಿಕೊಡಬೇಕಾ?"

"ಅಕ್ಕನ ಮಗನೂ ಅಳಿಯನೇ ಭಾವ!"

ಇಬ್ಬರೂ ವಕೀಲರ ಕಡೆ ತಿರುಗಿದರು. ವಕೀಲರು ಹಣೆ ಚಚ್ಚಿಕೊಂಡರು. "ಹೆಸರು ಬರೀರಿ ಸ್ವಾಮೀ ಅಂತ ಬಡ್ಕೊಂಡೆ. 'ನಂಗಿರೋನೊಬ್ಬ ಅಳಿಯ, ಗೊತ್ತಾಗಲ್ವೇನ್ರೀ' ಅಂತ ನಕ್ಕುಬಿಟ್ರು. ಈಗ ನೋಡಿ, ಇದನ್ನ ಕೋರ್ಟಿಗೆ ಹಾಕಿ ಊರ್ಜಿತ ಮಾಡಿಸಬೇಕು. ಅವರು ಯಾರನ್ನ ಅಳಿಯ ಅಂತ ಕರೀತಿದ್ರು ಅನ್ನೋದಕ್ಕೆ ಸಾಕ್ಷಿ ತನ್ನಿ. ನಂಬಿಕಸ್ಥರು ಒಬ್ಬರಾದರೂ ಸಾಕು. ಸಂಜೆ ನಾನೇ ಮನೆ ಹತ್ರ ಬರ್ತೀನಿ, ಅಮ್ಮಾವ್ರಿಗೆ ಮಂಡಿ ನೋವು, ಇಲ್ಲಿಗೆ ಬರೋಕಾಗಲ್ಲ."

ಹೊರಗೆ ಬಂದ ಮೇಲೆ ಮ್ಯಾನೇಜರು ತಮ್ಮ ಕಾರಿನ ಧೂಳನ್ನು ಕರವಸ್ತ್ರದಿಂದ ಒರೆಸಿದರು. "ಮನೆ ಕೈಗೆ ಬಂದ ದಿನವೇ ನಿನ್ನ ಅಂಗಡಿ ಒಡೆಸಿ ಇದನ್ನ ನಿಲ್ಲಿಸ್ತೀನಪ್ಪಾ. ಪಾಪ, ಬಿಸಿಲಲ್ಲಿ ಒಣಗ್ತಾ ಇದೆ," ಎಂದು ಊಟ ಮಾಡಿ ಮಲಗಲು ಮನೆಗೆ ಹೋದರು. ಸಾಕ್ಷಿ ಹುಡುಕುವುದು ಅವರ ಘನತೆಗೆ ಕಡಿಮೆ.

ಮುಳ್ಳಪ್ಪ ಲೆಕ್ಕ ಹಾಕಿದ. ಅಂಗಡಿ ಹೋದರೆ ಅನ್ನ ಹೋಯಿತು, ಹಿಂದಿನ ಕೋಣೆ ಹೋದರೆ ಸೂರೂ ಹೋಯಿತು. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡಿ ಕ್ಷೌರದ ಅಂಗಡಿಗೆ ನುಗ್ಗಿದ. ಕ್ಷೌರಿಕ ಬೇಕರಿಯವನ ಮುಖಕ್ಕೆ ನೊರೆ ಹಚ್ಚಿ ಒಂದು ಕೆನ್ನೆ ಮುಗಿಸಿದ್ದ.

"ನಿಜ ಹೇಳಪ್ಪಾ, ನಮ್ಮಾವ ಇಲ್ಲಿ ಬಂದಾಗೆಲ್ಲ 'ಅಳಿಯ ಅಳಿಯ' ಅಂತ ಮಾತಾಡ್ತಿದ್ರು ಅಲ್ವಾ?"

"ಅಂತಿರಲಿಲ್ವಾ ಮತ್ತೆ! ಇದೇ ಕುರ್ಚೀಲಿ ಕೂತು 'ಅಳಿಯಾ, ಕಿವಿ ಹತ್ರ ಹುಷಾರು ಕಣೋ' ಅಂತಿದ್ರು."

"ಅಯ್ಯೋ, ಅದು ನಿನಗೆ ಅಂದಿದ್ದು. ನನ್ನ ಬಗ್ಗೆ?"

"ನಿನ್ನ ಬಗ್ಗೆ ಇಲ್ಲಿ ಯಾಕೆ ಮಾತಾಡ್ತಾರೆ? ನನಗೇ ಅಂತಿದ್ದದ್ದು. ಅದ್ಯಾಕೆ ಈಗ?"

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮುಳ್ಳಪ್ಪನ ಬಾಯಿಗೆ ಬೀಗ ಹಾಕುವ ಕಲೆ ಹುಟ್ಟಿನಿಂದಲೂ ಬಂದಿರಲಿಲ್ಲ. ಉಯಿಲಿನ ಕತೆಯನ್ನೆಲ್ಲ ಬಿಚ್ಚಿಟ್ಟ. ಕೇಳುತ್ತ ಕೇಳುತ್ತ ಕ್ಷೌರಿಕನ ಕತ್ತಿ ಬೇಕರಿಯವನ ಗಂಟಲ ಹತ್ತಿರ ನಿಂತುಬಿಟ್ಟಿತು.

"ಅಂದ್ರೆ... ಅಳಿಯನಿಗೆ ಮನೆ ಅಂತ ಬರೆದಿದಾರೆ. ನನ್ನನ್ನ ಅಳಿಯ ಅಂತಿದ್ರು. ಅಲ್ವಾ?"

"ಅಲ್ಲ ಮಾರಾಯ! ಅದು ತಮಾಷೆಗೆ!"

"ಉಯಿಲಲ್ಲಿ 'ತಮಾಷೆಯ ಅಳಿಯನಿಗಿಲ್ಲ' ಅಂತ ಬರೆದಿದಾರಾ?"

ಬೇಕರಿಯವನು ಮೆಲ್ಲಗೆ ಕತ್ತಿಯನ್ನು ಪಕ್ಕಕ್ಕೆ ಸರಿಸಿ ಎದ್ದು ಕೂತ. "ನನ್ನನ್ನೂ ಹಾಗೇ ಕರೀತಿದ್ರು ಕಣ್ರೋ. 'ಅಳಿಯಾ, ಇವತ್ತಿನ ಬ್ರೆಡ್ಡೋ ನಿನ್ನೆದೋ' ಅಂತ. ದಿನಾ ಬೆಳಿಗ್ಗೆ. ದೇವರಾಣೆ!"

ಮುಳ್ಳಪ್ಪ ಅಲ್ಲಿಂದ ಕಾಲು ಕಿತ್ತ. ಇನ್ನು ಯಾರನ್ನೂ ಕೇಳಬಾರದು, ಕೇಳಿದರೂ ಉಯಿಲಿನ ಸುದ್ದಿ ಎತ್ತಬಾರದು ಅಂತ ನಿರ್ಧರಿಸಿ ಪಂಕ್ಚರ್ ಅಂಗಡಿಯ ಮುಂದೆ ನಿಂತ. ಪಂಕ್ಚರಿನವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ.

"ಸುಮ್ನೆ ಕೇಳ್ತೀನಿ. ನಮ್ಮಾವ ನಿನ್ನನ್ನ ಏನಂತ ಕರೀತಿದ್ರು?"

"ಅಳಿಯಾ ಅಂತ. ಯಾಕೆ?"

"ಏನಿಲ್ಲ, ಏನಿಲ್ಲ. ಇದನ್ನ ಯಾರಿಗೂ ಹೇಳ್ಬೇಡ. ನಿನ್ನ ಗಡಿಯಾರ ಕೆಟ್ರೆ ನಾನು ಬಿಟ್ಟಿ ರಿಪೇರಿ ಮಾಡಿಕೊಡ್ತೀನಿ."

ಜೀವಮಾನದಲ್ಲಿ ಯಾರಿಗೂ ಏನನ್ನೂ ಬಿಟ್ಟಿ ಮಾಡಿಕೊಡದ ಮುಳ್ಳಪ್ಪನ ಬಾಯಲ್ಲಿ ಈ ಮಾತು ಬಂದದ್ದೇ ತಡ, ಪಂಕ್ಚರಿನವನಿಗೆ ವಾಸನೆ ಬಡಿಯಿತು. ಟ್ಯೂಬ್ ಅಲ್ಲೇ ಬಿಟ್ಟು ನೇರ ಕ್ಷೌರದ ಅಂಗಡಿಗೆ ಹೋದ. ಅಲ್ಲಿಂದ ಸುದ್ದಿ ಹೊರಟದ್ದು ಯಾವ ಗಾಳಿ ತುಂಬಿದ ಗಾಲಿಗೂ ಸಿಗದಷ್ಟು ವೇಗದಲ್ಲಿ. ಮಧ್ಯಾಹ್ನ ಕಳೆಯುವುದರೊಳಗೆ ಬೀದಿಯಲ್ಲಿ ಮೀಸೆ ಬಂದವರೆಲ್ಲ ಒಂದಲ್ಲ ಒಂದು ದಿನ ಆ ಬಾಯಿಂದ 'ಅಳಿಯಾ' ಎನಿಸಿಕೊಂಡವರೇ ಎಂದು ಗೊತ್ತಾಯಿತು. ತರಕಾರಿ ಗಾಡಿಯಾಕೆ ಮುಳ್ಳಪ್ಪನನ್ನು ಅಡ್ಡಗಟ್ಟಿ, "ನನ್ನನ್ನ ಸೊಸೆ ಅಂತಿದ್ರಲ್ಲಣ್ಣಾ, ಸೊಸೆಗೇನೂ ಬರೆದಿಲ್ವಾ?" ಎಂದು ಕೇಳಿದಳು.

ಸಂಜೆ ವಕೀಲರು ಬಂದಾಗ ಮಹಡಿ ಹತ್ತಲು ಜಾಗವಿರಲಿಲ್ಲ. ಮೆಟ್ಟಿಲಿಗೆ ಇಬ್ಬಿಬ್ಬರಂತೆ ಅಳಿಯಂದಿರು ಕೂತಿದ್ದರು. ಬೇಕರಿಯವನ ಒಂದು ಕೆನ್ನೆಯ ಮೇಲೆ ನೊರೆ ಒಣಗಿ ಸುಣ್ಣ ಬಳಿದ ಗೋಡೆಯಂತಾಗಿತ್ತು. ಮೆಟ್ಟಿಲು ಬಿಟ್ಟು ಎದ್ದರೆ ತನ್ನ ಜಾಗ ಹೋಗುತ್ತದೆಂದು ಕ್ಷೌರಿಕ ಇನ್ನೊಂದು ಕೆನ್ನೆ ಬೋಳಿಸಲು ಒಪ್ಪಿರಲಿಲ್ಲ.

"ಯಾರ್ರೀ ಇವರೆಲ್ಲ?"

"ಸಾಕ್ಷಿಗಳು ಸಾರ್," ಎಂದು ಮುಳ್ಳಪ್ಪ ಅಳುಮೋರೆ ಮಾಡಿದ.

"ಅಳಿಯಂದಿರು ಸಾರ್!" ಎಂದು ಮೆಟ್ಟಿಲುಗಳು ಒಕ್ಕೊರಲಿನಿಂದ ತಿದ್ದಿದವು.

ಮೇಲೆ ಅತ್ತೆ ಎರಡೂ ಕಾಲನ್ನು ಮಣೆಯ ಮೇಲೆ ನೀಡಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮಲಗಿ ಎದ್ದು ಪೌಡರ್ ಹಚ್ಚಿಕೊಂಡು ಬಂದ ಮ್ಯಾನೇಜರು ಗೋಡೆಗೊರಗಿ ನಗುತ್ತಿದ್ದರು. ವಕೀಲರು ವಿಷಯವನ್ನೆಲ್ಲ ವಿವರಿಸಿದರು. ಅತ್ತೆ ಕೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಇದಕ್ಕೆ ಇಷ್ಟೊಂದು ರಾದ್ಧಾಂತವಾ? ಮಗಳನ್ನ ಕೊಟ್ಟ ಮನೆಯವರನ್ನ ನಾವು ಯಾವತ್ತಾದ್ರೂ ಏಕವಚನದಲ್ಲಿ ಅಂದಿದೀವಾ? ಇವರ ಮಾತು ಬಂದ್ರೆ ನಮ್ಮೆಜಮಾನ್ರು 'ಅಳಿಯಂದಿರು ಬಂದ್ರು, ಅಳಿಯಂದಿರಿಗೆ ಕಾಫಿ ಕೊಡು' ಅಂತಲೇ ಅಂತಿದ್ರು. ಬರೆಯೋವಾಗ 'ಅಳಿಯನಿಗೆ' ಅಂತ ಬರೆದ್ರೆ ಅದು ಈ ಪೆದ್ದನಿಗೇ. ಬರೆದ ದಿನ ನನಗೂ ಹೇಳಿದ್ರು, 'ಮನೆ ಗಡಿಯಾರದ ಅಳಿಯನಿಗೆ ಇರಲಿ ಕಣೇ' ಅಂತ."

ಮ್ಯಾನೇಜರ ನಗು ಪೌಡರಿನ ಜೊತೆಗೇ ಉದುರಿತು. ಮುಳ್ಳಪ್ಪ ಅತ್ತೆಯ ಕಾಲಿಗೆ ಬಿದ್ದೇಬಿಟ್ಟ. "ಅತ್ತೆ! ನೀವು ಬದುಕಿಸಿದ್ರಿ!"

"ತಡೀರಿ," ಎಂದರು ವಕೀಲರು. "ಅಮ್ಮಾ, ಇದನ್ನ ನೀವೊಬ್ಬರೇ ಹೇಳಿದ್ದಿದ್ರೆ ನಾನು ಕಣ್ಮುಚ್ಚಿ ಕೋರ್ಟಿಗೆ ಹೋಗ್ತಿದ್ದೆ. ಈಗ ಏಕವಚನದ ಅಳಿಯಂದಿರೇ ಮೆಟ್ಟಿಲ ತುಂಬ ಇದಾರಲ್ಲ! ಒಬ್ಬೊಬ್ಬನೂ ತಕರಾರು ಹಾಕ್ತಾನೆ. ಎಲ್ಲರನ್ನೂ ಕರೆಸಿದ್ದು ಯಾರು? ಇವನೇ. ನಾನು ನೋಡೋ ಹಾಗೆ ಈ ಉಯಿಲು ನಿಲ್ಲಲ್ಲ. ಉಯಿಲು ಬಿದ್ರೆ ಮನೆ ವಾರಸುದಾರರಿಗೆ. ಅಂದ್ರೆ ನಿಮಗೆ ಅರ್ಧ, ನಿಮ್ಮ ಮಗಳಿಗೆ ಅರ್ಧ."

ಮ್ಯಾನೇಜರ ಮುಖಕ್ಕೆ ನಗು ಅರ್ಧ ವಾಪಸು ಬಂತು.

ಮುಳ್ಳಪ್ಪ ಅತ್ತೆಯ ಕಾಲನ್ನು ಬಿಟ್ಟಿರಲಿಲ್ಲ. "ಅತ್ತೆ, ಬೆಳಿಗ್ಗೆಯೇ ಈ ಮಾತು ಹೇಳಬಾರದಿತ್ತಾ?"

"ಕೇಳಿದ್ಯೇನೋ?" ಅತ್ತೆ ಅವನ ಕೈಯಿಂದ ಕಾಲು ಬಿಡಿಸಿಕೊಂಡರು. "ಗಂಡ ಹೋದವಳು ಮೇಲೆ ಒಬ್ಬಳೇ ಕೂತಿದೀನಿ. ಇಡೀ ಬೀದಿ ಸುತ್ತಿದೆ, ಒಂದು ಸಲ ಮಹಡಿ ಹತ್ತಿದ್ಯಾ? ಅತ್ತೆ, ಊಟ ಆಯ್ತಾ, ಮಂಡಿ ಹೇಗಿದೆ ಅಂದ್ಯಾ?"

ಮುಳ್ಳಪ್ಪ ತಲೆ ತಗ್ಗಿಸಿದ. ನಿಜವಾಗಿಯೂ ಅವನಿಗೆ ನಾಚಿಕೆಯಾಗಿತ್ತು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಕ್ಷೌರಿಕನ ದನಿ ಕೇಳಿತು. "ಅತ್ತೇ, ಮಂಡಿ ನೋವಾ? ನಾನು ಎಣ್ಣೆ ಹಚ್ಚಿ ನೀವಿದ್ರೆ ಎರಡು ದಿನಕ್ಕೆ ಓಡಾಡ್ತೀರಿ."

"ಊಟ ಆಗಿಲ್ವಾ ಅತ್ತೇ? ಬಿಸಿ ಬ್ರೆಡ್ ತರಿಸ್ಲಾ?" ಎಂದ ಬೇಕರಿಯವ.

ಅತ್ತೆ ಒಬ್ಬೊಬ್ಬರನ್ನೇ ನೋಡಿದರು. ಒಂದು ತಿಂಗಳಿಂದ ಆ ಮುಖದಲ್ಲಿ ಕಾಣದ ಕಳೆ ಮೆಲ್ಲಗೆ ಮೂಡಿತು.

"ವಕೀಲರೇ, ಮಹಡಿ ಮಗಳಿಗಿರಲಿ. ಕೆಳಗಿನ ಭಾಗ, ಆ ಅಂಗಡಿ, ನನ್ನ ಪಾಲು ಅಂತ ಮಾಡಿ. ನಾನೂ ಒಂದು ಉಯಿಲು ಬರೀತೀನಿ."

ಮುಳ್ಳಪ್ಪನ ಮುಖ ಅರಳಿತು.

"ಹೆಸರು ಹೇಳಿ ತಾಯೀ, ಹೆಸರು!" ವಕೀಲರು ಕೈಮುಗಿದರು.

"ಹೆಸರು ಕೊನೆಗೆ ಹೇಳ್ತೀನಿ. ನನ್ನನ್ನ ಚೆನ್ನಾಗಿ ನೋಡ್ಕೊಂಡ ಅಳಿಯ ಯಾರು ಅಂತ ನನಗೂ ಗೊತ್ತಾಗ್ಬೇಕಲ್ಲ?"

ಮೆಟ್ಟಿಲ ಮೇಲೆ ಗುಜುಗುಜು ಎದ್ದಿತು. ಬೆಳಿಗ್ಗೆ ಮುಳ್ಳಪ್ಪನಿಗೆ ಇದ್ದವನು ಒಬ್ಬ ಎದುರಾಳಿ. ಕ್ಷೌರಿಕ ಆಗಲೇ ಕೆಳಗೆ ಬಗ್ಗಿ ಗಡಿಯಾರದ ಅಂಗಡಿಯಲ್ಲಿ ಎಷ್ಟು ಕುರ್ಚಿ ಹಿಡಿಯಬಹುದೆಂದು ಕಣ್ಣಲ್ಲೇ ಅಳೆಯುತ್ತಿದ್ದ. ಮ್ಯಾನೇಜರು ಕೂಡ, ಘನತೆಯನ್ನೆಲ್ಲ ಬದಿಗಿಟ್ಟು, ಅತ್ತೆಗೆ ಬೀಸಣಿಗೆ ಹುಡುಕುತ್ತಿದ್ದರು.

ಅತ್ತೆ ಹಾಯಾಗಿ ಕುರ್ಚಿಗೊರಗಿ ಕಣ್ಣು ಮುಚ್ಚಿದರು. "ಅಳಿಯಾ, ಒಂದು ಲೋಟ ನೀರು ತಗೊಂಡ್ ಬಾರೋ."

ಮುಳ್ಳಪ್ಪ ದಡಬಡಿಸಿ ಎದ್ದ. ಅಡುಗೆಮನೆಯ ಬಾಗಿಲಲ್ಲಿ ಆಗಲೇ ನೂಕುನುಗ್ಗಲು.